ಗರ್ಭಕೋಶದ ಜೊತೆ ಅಂಡಾಶಯವನ್ನೂ ತೆಗೆಸಬೇಕಾ?

ಪ್ರಶ್ನೆ: ಮೇಡಂ, ನನಗೆ 43 ವರ್ಷ. ಎರಡನೇ ಹೆರಿಗೆಯಲ್ಲೇ ಮಕ್ಕಳಾಗದ ಆಪರೇಷನ್ ಮಾಡಿಸಿದ್ದೆ. ಈಗ ಮುಟ್ಟಿನಲ್ಲಿ ವಿಪರೀತ ನೋವು, ರಕ್ತವೂ ಜಾಸ್ತಿ ಹೋಗುತ್ತದೆ. ಸ್ಕ್ಯಾನಿಂಗ್‌ನಲ್ಲಿ ಗರ್ಭಕೋಶದಲ್ಲಿ ಫೈಬ್ರಾಯ್ಡ್, ಎಡ ಅಂಡಾಶಯದಲ್ಲಿ ಚಾಕೊಲೇಟ್ ಸಿಸ್ಟ್ ಅಂತ ಬಂದಿದೆ. ಗರ್ಭಕೋಶ ತೆಗೆಯೋಣ ಎಂದಿದ್ದಾರೆ ಡಾಕ್ಟ್ರು. ನನ್ನ ಅತ್ತಿಗೆ, "ಹೇಗೂ ಆಪರೇಷನ್ ಆಗ್ತದಲ್ಲ, ಅಂಡಾಶಯನೂ ತೆಗೆಸಿಬಿಡು, ಮತ್ತೆ ಕ್ಯಾನ್ಸರ್ ಬಂದ್ರೆ?" ಅಂತಾರೆ. ಅಮ್ಮನ ತಂಗಿ ಅಂಡಾಶಯದ ಕ್ಯಾನ್ಸರ್‌ನಲ್ಲೇ ತೀರಿಹೋದರು. ಏನು ಮಾಡಲಿ?
– ಓದುಗರು, ಕಾಪು

ಉತ್ತರ: ಆಪರೇಷನ್ ತಾರೀಖು ಗೊತ್ತು ಮಾಡುವ ಮೊದಲು ಚಿಕ್ಕಮ್ಮನ ವಿಷಯವನ್ನು ಡಾಕ್ಟರಿಗೆ ಹೇಳಿ. ಹೇಳಿಲ್ಲ ಅಲ್ವಾ? ಹೆಚ್ಚಿನವರು ಹೇಳುವುದಿಲ್ಲ.

ಫೈಬ್ರಾಯ್ಡ್ ಎಂದರೆ ಗರ್ಭಕೋಶದಲ್ಲಿ ಬೆಳೆಯುವ, ಕ್ಯಾನ್ಸರ್ ಅಲ್ಲದ ಗಡ್ಡೆ, ಅದಕ್ಕಾಗಿ ಅಂಡಾಶಯದ ಕ್ಯಾನ್ಸರ್ ಭಯ ಬೇಡ. ಚಾಕೊಲೇಟ್ ಸಿಸ್ಟ್ (ಹಳೆ ರಕ್ತ ತುಂಬಿದ ಚೀಲ) ಎಂಡೊಮೆಟ್ರಿಯೋಸಿಸ್‌ನ, ಅಂದರೆ ಗರ್ಭಕೋಶದ ಒಳಪದರದಂಥದ್ದು ಹೊರಗೆ ಬೆಳೆಯುವ ಕಾಯಿಲೆಯ, ಒಂದು ರೂಪ, ಅದಕ್ಕೂ ಕೆಲವು ಬಗೆಯ ಅಂಡಾಶಯದ ಕ್ಯಾನ್ಸರ್‌ಗೂ ನಂಟು ಇರುವುದು ನಿಜ. ಆದರೆ ಪಾಶ್ಚಾತ್ಯ ದೇಶಗಳ ಲೆಕ್ಕದಲ್ಲಿ ಜೀವಮಾನದಲ್ಲಿ 100 ಹೆಂಗಸರಲ್ಲಿ ಒಬ್ಬರಿಗೆ ಚಿಲ್ಲರೆ ಬರುವ ಈ ಕ್ಯಾನ್ಸರ್, ಎಂಡೊಮೆಟ್ರಿಯೋಸಿಸ್ ಇರುವವರಲ್ಲಿ 100ಕ್ಕೆ ಸರಾಸರಿ ಇಬ್ಬರ ಒಳಗೇ ಇದೆ. ನಿಮ್ಮ ಹಾಗೆ ಅಂಡಾಶಯದೊಳಗೇ ಸಿಸ್ಟ್ ಇದ್ದರೆ ಅದಕ್ಕಿಂತ ಜಾಸ್ತಿ ಅಂತಲೇ ಇಟ್ಟುಕೊಳ್ಳಿ. ಹಾಗಾಗಿ ಎಡಗಡೆಯದನ್ನು ಏನು ಮಾಡುವುದು ಎಂದು ಡಾಕ್ಟರ ಹತ್ತಿರ ಬಿಡಿಸಿ ಕೇಳಿ, ತೆಗೆದದ್ದು ಏನೇ ಇರಲಿ ಬಯಾಪ್ಸಿಗೆ ಹೋಗಲೇಬೇಕು.

ಬಲಗಡೆಯದು ಚೆನ್ನಾಗಿದ್ದರೆ ಸುಮ್ನೆ ಭಯಕ್ಕೆ ತೆಗೆಸುವುದನ್ನು ನಾನು ಒಪ್ಪುವುದಿಲ್ಲ. ನಿಮ್ಮ ವಯಸ್ಸಿನಲ್ಲಿ ಎರಡೂ ಹೋದರೆ ಮುಟ್ಟು ನಿಲ್ಲುವ ತೊಂದರೆಗಳೆಲ್ಲ ಒಂದೇ ಸಲಕ್ಕೆ ಶುರುವಾಗುತ್ತವೆ, ಮೈ ಬಿಸಿಯೇರುವುದು, ನಿದ್ದೆ ಬಾರದಿರುವುದು, ಮುಂದೆ ಮೂಳೆ ಸವೆತ, ಹೃದಯದ ಕಾಯಿಲೆಯ ಅಪಾಯವೂ ಹೆಚ್ಚು.

ಅಂಡಾಶಯದಿಂದ ಗರ್ಭಕೋಶಕ್ಕೆ ಅಂಡ ಸಾಗಿಸುವ ಟ್ಯೂಬ್‌ಗಳ ಮಾತು ಬೇರೆ. ಅಂಡಾಶಯದ ಕ್ಯಾನ್ಸರ್ ಎನ್ನುವುದರಲ್ಲಿ ಬಹುಪಾಲು ಹುಟ್ಟುವುದು ಟ್ಯೂಬಿನ ತುದಿಯಲ್ಲಿ ಎಂದು ಈಗ ಗೊತ್ತಾಗಿದೆ. ಟ್ಯೂಬ್ ಕಟ್ಟಿಸಿದವರಲ್ಲೇ ಅಪಾಯ ಸುಮಾರು ಕಾಲು ಭಾಗ ಕಡಿಮೆ, ಅಂದರೆ ನಿಮಗೆ ಆ ಲಾಭ ಆಗಲೇ ಸಿಕ್ಕಿದೆ. ಗರ್ಭಕೋಶ ತೆಗೆಯುವಾಗ ಉಳಿದ ಟ್ಯೂಬನ್ನೂ ತೆಗೆಯುತ್ತೀರಾ ಎಂದು ಕೇಳಿ. ಅದರಿಂದ ಹಾರ್ಮೋನ್ ನಿಲ್ಲುವುದಿಲ್ಲ.

ಇಷ್ಟೆಲ್ಲ ಹೇಳಿದ್ದು ಚಿಕ್ಕಮ್ಮನ ಕಾಯಿಲೆ ವಂಶದ್ದಲ್ಲ ಎಂದಾದರೆ. ಸ್ತನ, ಅಂಡಾಶಯದ ಕ್ಯಾನ್ಸರ್‌ನಿಂದ ಕಾಪಾಡುವ ಬಿಆರ್‌ಸಿಎ ಜೀನ್‌ನಲ್ಲಿ ವಂಶದಿಂದ ಬಂದ ದೋಷ ಇದ್ದರೆ ನನ್ನ ಉತ್ತರವೇ ಬದಲಾಗುತ್ತದೆ: ಬಿಆರ್‌ಸಿಎ 1 ಜೀನ್‌ನಲ್ಲಿ ದೋಷ ಇರುವ 100 ಹೆಂಗಸರಲ್ಲಿ ಸುಮಾರು 40 ಮಂದಿಗೆ ಈ ಕ್ಯಾನ್ಸರ್ ಬರಬಹುದು, ಅವರಿಗೆ ಮಕ್ಕಳಾದ ಮೇಲೆ 35-40ರೊಳಗೇ ಟ್ಯೂಬ್, ಅಂಡಾಶಯ ಎರಡನ್ನೂ ತೆಗೆಸಲು ಹೇಳುತ್ತೇವೆ. ಆಗ ಅತ್ತಿಗೆ ಹೇಳಿದ್ದೇ ಸರಿ! ಅಮ್ಮ ಇದ್ದರೆ ಈ ಜೀನ್ ದೋಷದ ರಕ್ತ ಪರೀಕ್ಷೆ ಮೊದಲು ಅವರದ್ದಾಗಲಿ. ಕುಟುಂಬದಲ್ಲಿ ಚಿಕ್ಕ ವಯಸ್ಸಿಗೇ ಸ್ತನ ಕ್ಯಾನ್ಸರ್ ಆದವರು ಇದ್ದಾರಾ ಎಂದೂ ವಿಚಾರಿಸಿ, ಅಪ್ಪನ ಕಡೆಯವರನ್ನು ಬಿಡಬೇಡಿ. ನಿಮಗೆ ದೂರವೇನಲ್ಲ, ಮಣಿಪಾಲದ ಕೆಎಂಸಿಯಲ್ಲಿ ಮೆಡಿಕಲ್ ಜೆನೆಟಿಕ್ಸ್ ವಿಭಾಗವೇ ಇದೆ. ರಕ್ತ ತೀರಾ ಹೋಗುತ್ತಿಲ್ಲವಾದರೆ ರಿಪೋರ್ಟ್ ಬರುವ ತನಕ ಆಪರೇಷನ್ ಕಾಯಬಹುದು.

ಅಂಡಾಶಯದ ಕ್ಯಾನ್ಸರ್ ಸುಳಿವಿಗೆ ಮಾಡುವ ಸಿಎ 125 ಎಂಬ ರಕ್ತ ಪರೀಕ್ಷೆಯಲ್ಲಿ ಜಾಸ್ತಿ ಬಂದರೆ ಹೆದರಿ ರಾತ್ರಿಯಿಡೀ ಗೂಗಲ್ ಮಾಡಬೇಡಿ. ಚಾಕೊಲೇಟ್ ಸಿಸ್ಟ್‌ಗೂ, ಫೈಬ್ರಾಯ್ಡ್‌ಗೂ, ಮುಟ್ಟಿನ ದಿನಗಳಲ್ಲೂ ಅದು ಏರುತ್ತದೆ.

ಪ್ರಶ್ನೆ: ನನ್ನ 19 ವರ್ಷದ ಮಗಳಿಗೆ ಪಿಸಿಒಡಿ. ಮುಂದೆ ಅಂಡಾಶಯದ ಕ್ಯಾನ್ಸರ್ ಆಗಬಹುದಾ?
– ತಾಯಿ, ಸುರತ್ಕಲ್

ಉತ್ತರ: ಆ ಚಿಂತೆ ಬಿಡಿ. ಪಿಸಿಒಡಿ ಹಾರ್ಮೋನ್ ಏರುಪೇರಿನ ತೊಂದರೆ, ಸ್ಕ್ಯಾನಿಂಗ್‌ನಲ್ಲಿ ಕಾಣುವುದು ಬೆಳೆಯದೆ ನಿಂತ ಅಂಡದ ಚೀಲಗಳು, ಗಡ್ಡೆಯಲ್ಲ. ನೋಡಬೇಕಾದದ್ದು ಗರ್ಭಕೋಶದ ಕಡೆ. ತಿಂಗಳುಗಟ್ಟಲೆ ಮುಟ್ಟಾಗದಿದ್ದರೆ ಅದರ ಒಳಪದರ ದಪ್ಪವಾಗುತ್ತಾ ಹೋಗುತ್ತದೆ, ವರ್ಷಗಟ್ಟಲೆ ಹಾಗೇ ಬಿಟ್ಟರೆ ಅಲ್ಲಿ ಕ್ಯಾನ್ಸರ್ ಅಪಾಯ ಏರುತ್ತದೆ. ಮೂರು ತಿಂಗಳಾದರೂ ಮುಟ್ಟಾಗದಿದ್ದರೆ ಡಾಕ್ಟರಿಗೆ ತೋರಿಸಿ. ಅವರು ಗರ್ಭನಿರೋಧಕ ಮಾತ್ರೆ ಬರೆದುಕೊಟ್ಟರೆ "ಮದುವೆಯಾಗದ ಹುಡುಗಿಗೆ ಇದೆಂಥದ್ದು" ಎಂದು ಬಿಸಾಡಬೇಡಿ, ಆ ಮಾತ್ರೆ ಗರ್ಭಕೋಶ, ಅಂಡಾಶಯ ಎರಡರ ಕ್ಯಾನ್ಸರ್ ಅಪಾಯವನ್ನೂ ಕಡಿಮೆ ಮಾಡುತ್ತದೆ.