ಮೇಷ್ಟ್ರ ಮೇಲೆ ಸುಳ್ಳು ಪೋಕ್ಸೋ ದೂರು ಬಂದಿದೆ, ರಾಜಿಗೆ ಹೋಗಬೇಕಾ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ನಿಮ್ಮ ಮನೆಯವರು ಹೊಸನಗರದ ಕಡೆ ಹೈಸ್ಕೂಲು ಮೇಷ್ಟ್ರು. ಎಂಟನೇ ಕ್ಲಾಸಿನ ಹುಡುಗಿಯ ಕಡೆಯವರು ಅವರ ಮೇಲೆ ಪೋಕ್ಸೋ (ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಕಾಯ್ದೆ) ದೂರು ಕೊಟ್ಟಿದ್ದಾರೆ. ನೆಂಟರೆಲ್ಲ 'ಹೋಗಿ ಕೈಕಾಲು ಹಿಡಿದು ರಾಜಿ ಮಾಡಿಕೊಳ್ಳಿ' ಅನ್ನುತ್ತಿದ್ದಾರೆ. ಹೋಗಬೇಕಾ, ಸುಳ್ಳು ದೂರಿಗೆ ತಿರುಗಿ ಕೇಸು ಹಾಕಬಹುದಾ ಎಂದು ಕೇಳಿದ್ದೀರಿ.

ಹೋಗಬೇಡಿ. ಉಳಿದದ್ದನ್ನು ನಿಧಾನವಾಗಿ ಓದಿ.

ನಾನು ವಕೀಲನಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದವನು, ಈಗ ನಿವೃತ್ತ. 2018ರಲ್ಲಿ ಇದೇ ಕಾಯ್ದೆಯಲ್ಲಿ ಆರೋಪಿಯಾಗಿದ್ದೆ. 2022ರಲ್ಲಿ ಬಿಡುಗಡೆಯಾಯಿತು. ನಿಮ್ಮ ಮನೆಯವರು ತಪ್ಪು ಮಾಡಿಲ್ಲ ಎಂದು ಬರೆದಿದ್ದೀರಿ. ನಾನು ಕಂಡಿಲ್ಲ, ಹಾಗಾಗಿ ಹೌದು ಅನ್ನಲಾರೆ, ಅಲ್ಲ ಅಂತಲೂ ಅನ್ನಲಾರೆ. ಮಕ್ಕಳು ಹೇಳಿದ್ದು ಅಪ್ಪಟ ನಿಜವಾಗಿದ್ದ ಪ್ರಕರಣಗಳನ್ನೂ ನೌಕರಿಯಲ್ಲಿ ಹತ್ತಿರದಿಂದ ನೋಡಿದ್ದೇನೆ. ನಾನು ಬರೆಯುತ್ತಿರುವುದು ತಪ್ಪು ಮಾಡದವರಿಗೆ.

ನನ್ನ ದೊಡ್ಡ ತಪ್ಪನ್ನು ಮೊದಲು ಹೇಳಿಬಿಡುತ್ತೇನೆ. ಸುದ್ದಿ ಕಿವಿಗೆ ಬಿದ್ದ ಸಂಜೆಯೇ ಛತ್ರಿ ಹಿಡಿದು, ನನ್ನ ಮೇಲೆ ಆರೋಪ ಹೇಳಿದ ಹುಡುಗಿಯ ಮನೆಗೆ ಹೋದೆ. ಅಂಗಳದಲ್ಲಿ ನಿಂತು 'ಯಾಕಮ್ಮಾ ಹೀಗೆ ಹೇಳಿದೆ?' ಎಂದು ಕೇಳಿದೆ. ಅಷ್ಟೇ. ದನಿ ಏರಿಸಲಿಲ್ಲ. ಮಾರನೇ ದಿನದ ದೂರಿನಲ್ಲಿ 'ಆರೋಪಿ ಮನೆಗೆ ಬಂದು ಮಗುವನ್ನು ಬೆದರಿಸಿದ' ಎಂಬ ಸಾಲು ಸೇರಿಕೊಂಡಿತ್ತು. ನಿರೀಕ್ಷಣಾ ಜಾಮೀನು, ಅಂದರೆ ಬಂಧನಕ್ಕೆ ಮೊದಲೇ ಪಡೆಯುವ ಜಾಮೀನು, ಸಿಗದೇ ಇರಲು ಆ ಒಂದು ಸಾಲು ಸಾಕಾಯಿತು. ಶಿವಮೊಗ್ಗದ ಸೋಗಾನೆ ಜೈಲಿನಲ್ಲಿ 23 ದಿನ ಇದ್ದೆ.

ನಮ್ಮ ಕಡೆ ಇನ್ನೊಂದು ಚಾಳಿ ಇದೆ, ನಿಮಗೂ ಗೊತ್ತಿರುತ್ತದೆ. 'ಸಿಗಂದೂರಿಗೆ ಬರಲಿ, ದೇವಿ ಮುಂದೆ ಹೇಳಲಿ', 'ಧರ್ಮಸ್ಥಳದಲ್ಲಿ ಆಣೆ ಮಾಡಲಿ' ಅನ್ನುವುದು. ನನ್ನ ಭಾವನೂ ಹಾಗೇ ಹೊರಟಿದ್ದ. ಗದ್ದೆ ಬದುವಿನ ಜಗಳಕ್ಕೆ ಅದು ಸರಿ ಇರಬಹುದು. ಇಲ್ಲಿ ಅದು ಸಾಕ್ಷಿಯ ಮೇಲೆ ಒತ್ತಡ ಹಾಕಿದ ಹಾಗೆ ಆಗುತ್ತದೆ, ಸಿಕ್ಕ ಜಾಮೀನೂ ರದ್ದಾಗಬಹುದು. ಮತ್ತೆ, ಪೋಕ್ಸೋ ಪ್ರಕರಣದಲ್ಲಿ ಠಾಣೆಯಲ್ಲೋ ಪಂಚಾಯ್ತಿ ಕಟ್ಟೆಯಲ್ಲೋ ರಾಜಿ ಎಂಬುದೇ ಇಲ್ಲ. ದುಡ್ಡು ಕೊಟ್ಟರೆ ತಪ್ಪು ಒಪ್ಪಿಕೊಂಡ ಹಾಗೆ ಕಾಣುತ್ತದೆ. ಊರಿನ ವಾಟ್ಸಾಪ್ ಗುಂಪಿನಲ್ಲಿ ನಿಮ್ಮ ಕಡೆಯ ಕಥೆ ಬರೆಯಲೂ ಹೋಗಬೇಡಿ. ಮಗುವಿನ ಹೆಸರು ಬಯಲಾದರೆ ಅದೇ ಬೇರೆ ಅಪರಾಧ.

ಹೆಡ್‌ಮಾಸ್ಟರ ಮೇಲೂ ಕೋಪ ಬೇಡ. ದೂರು ಕಿವಿಗೆ ಬಿದ್ದ ಮೇಲೆ ಪೊಲೀಸರಿಗೆ ತಿಳಿಸಲೇಬೇಕು ಎಂದು ಕಾಯ್ದೆಯ 19ನೇ ಕಲಮು ಹೇಳುತ್ತದೆ. ಸುಮ್ನಿದ್ದರೆ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೂ ಜೈಲು. ನಮ್ಮ ಹೆಡ್‌ಮೇಡಂ ಜೊತೆ ಎರಡು ವರ್ಷ ಮಾತು ಬಿಟ್ಟಿದ್ದೆ. ಈಗ ಯೋಚಿಸಿದರೆ ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡಬೇಕಿತ್ತು.

ಈಗ ಕಾನೂನಿಗೆ ಬರೋಣ. ಬೇರೆ ಹೆಚ್ಚಿನ ಕೇಸುಗಳಲ್ಲಿ ಆರೋಪಿ ಬಾಯಿ ಮುಚ್ಚಿ ಕೂತಿದ್ದರೂ ಸಾಬೀತು ಮಾಡುವುದು ಸರ್ಕಾರದ ಕೆಲಸ. 2012ರ ಈ ಕಾಯ್ದೆ ಸ್ವಲ್ಪ ಬೇರೆ. ಇದರ 29ನೇ ಕಲಮಿನ ಪ್ರಕಾರ, ಗಂಭೀರ ಆರೋಪಗಳಲ್ಲಿ ಆರೋಪಿ ತಪ್ಪು ಮಾಡಿದ್ದಾನೆ ಎಂದೇ ಕೋರ್ಟು ಭಾವಿಸಿಕೊಳ್ಳುತ್ತದೆ. ಅಲ್ಲ ಎಂದು ನಾವೇ ತೋರಿಸಬೇಕು. ಹಾಗಂತ ಎಲ್ಲ ಮುಗಿಯಿತು ಅಂತಲ್ಲ. ಘಟನೆಯ ಮೂಲ ಸಂಗತಿಗಳನ್ನು ಮೊದಲು ಸರ್ಕಾರದ ಕಡೆಯವರು ಸಾಕ್ಷ್ಯದಲ್ಲಿ ನಿಲ್ಲಿಸಬೇಕು, ಆಮೇಲೆಯೇ ಈ ಊಹೆ ಕೆಲಸ ಮಾಡುವುದು ಎಂದು ಹೈಕೋರ್ಟುಗಳು ಹೇಳುತ್ತಾ ಬಂದಿವೆ. ಇನ್ನೊಂದು ಗೊತ್ತಿರಲಿ. ಕೆಟ್ಟ ಉದ್ದೇಶದಿಂದ ಮೈ ಮುಟ್ಟಿದ ಆರೋಪ ಸಾಬೀತಾದರೆ ಹೊರಗಿನವರಿಗೆ ಕನಿಷ್ಠ ಮೂರು ವರ್ಷ ಜೈಲು, ಶಾಲೆಯ ಸಿಬ್ಬಂದಿಗೆ ಕನಿಷ್ಠ ಐದು. ಮೇಷ್ಟ್ರು ಅನ್ನುವ ಕಾರಣಕ್ಕೇ ಜಾಸ್ತಿ.

ಇವತ್ತೇ ಮಾಡಬೇಕಾದ್ದು ನಿರೀಕ್ಷಣಾ ಜಾಮೀನು ಅರ್ಜಿ. ನನ್ನ ಕಾಲಕ್ಕೆ ದಂಡ ಪ್ರಕ್ರಿಯಾ ಸಂಹಿತೆಯ 438ನೇ ಕಲಮು ಅನ್ನುತ್ತಿದ್ದರು, 2024ರ ಜುಲೈ 1ರಿಂದ ಅದರ ಬದಲು ಬಂದ ಹೊಸ ಸಂಹಿತೆಯಲ್ಲಿ 482. ಶಿವಮೊಗ್ಗದ ಕೋರ್ಟಿನಲ್ಲಿ ಸಿಗದಿದ್ದರೆ ಬೆಂಗಳೂರಿನ ಹೈಕೋರ್ಟು. ನಮ್ಮ ಜಿಲ್ಲೆ ಧಾರವಾಡ ಪೀಠಕ್ಕೆ ಬರುವುದಿಲ್ಲ. ನಿಮ್ಮ ತೋಟದ ಕೇಸು ನೋಡುವ ಪರಿಚಯದ ವಕೀಲರು ಎಷ್ಟೇ ಒಳ್ಳೆಯವರಾಗಿರಲಿ, ಇದಕ್ಕೆ ಪೋಕ್ಸೋ ಕೋರ್ಟಿನಲ್ಲಿ ದಿನಾ ಓಡಾಡುವವರೇ ಬೇಕು. ಒಂದು ವೇಳೆ ಬಂಧನವಾಗಿ ಫೀಸಿಗೆ ತ್ರಾಣ ಇಲ್ಲ ಅಂತಾದರೆ, ಕಸ್ಟಡಿಯಲ್ಲಿ ಇರುವವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ವಕೀಲರು ಸಿಗುತ್ತಾರೆ. 15100ಕ್ಕೆ ಫೋನ್ ಮಾಡಿ ಕೇಳಬಹುದು. ಪೊಲೀಸರು ಕರೆದರೆ ತಪ್ಪಿಸಿಕೊಳ್ಳಬೇಡಿ, ವಕೀಲರ ಜೊತೆ ಹೋಗಿ. ಫೋನಿನಿಂದ ಒಂದು ಮೆಸೇಜನ್ನೂ ಅಳಿಸಬೇಡಿ, ನಿಮಗೆ ಮುಜುಗರ ಆಗುವಂಥದ್ದಿದ್ದರೂ ಸರಿ.

ನನ್ನನ್ನು ಉಳಿಸಿದ್ದು ಶಾಲೆಯ ಹಳೇ ಕಡತಗಳು. ದೂರಿನಲ್ಲಿ ಜುಲೈ ತಿಂಗಳ ಒಂದು ಬುಧವಾರ, ಮೂರನೇ ಪೀರಿಯಡ್ಡಿನಲ್ಲಿ, ಸ್ಟಾಫ್‌ರೂಮಿನಲ್ಲಿ ನೋಟ್‌ಬುಕ್ ತಿದ್ದುವಾಗ ಮೈ ಮುಟ್ಟಿದರು ಎಂದಿತ್ತು. ನಮ್ಮನೆಯವಳು ಗೋಡೆಯ ಕ್ಯಾಲೆಂಡರ್ ತಿರುವಿ ಹಾಕಿ ನೋಡಿದಳು. ಹಾಲಿನ ಲೆಕ್ಕದ ಪಕ್ಕ ಅವಳೇ ಸಣ್ಣದಾಗಿ 'ಮಳೆ ರಜೆ' ಎಂದು ಬರೆದಿದ್ದಳು. ಆ ವರ್ಷದ ಮಳೆ ನೆನಪಿದೆಯಲ್ವಾ? ಅವತ್ತು ತಾಲ್ಲೂಕಿನ ಶಾಲೆಗಳೆಲ್ಲ ಬಂದ್.

ಗೆದ್ದೆವು ಅಂದುಕೊಂಡೆ. ವಕೀಲರು ನಗಲಿಲ್ಲ. 'ಮಗುವಿಗೆ ತಾರೀಖು ತಪ್ಪಬಹುದು, ಅದೊಂದರ ಮೇಲೆ ಕೋರ್ಟು ಬಿಡುವುದಿಲ್ಲ' ಅಂದರು. ಹಾಗೇ ಆಯಿತು. ಸರ್ಕಾರಿ ವಕೀಲರು 'ಆ ವಾರದಲ್ಲಿ ಒಂದು ದಿನ' ಎಂದು ವಾದಿಸಿದರು. ಆಗ ನಾವು ಇಡೀ ವಾರವನ್ನು ಒಂದೊಂದೇ ದಿನವಾಗಿ ಬಿಡಿಸಿದೆವು. ಎರಡು ದಿನ ನಾನು ಅನ್ಯ ಕರ್ತವ್ಯದ ಮೇಲೆ ಶಿವಮೊಗ್ಗದಲ್ಲಿ ತರಬೇತಿಯಲ್ಲಿದ್ದೆ. ಯಾರು ಎಲ್ಲಿಗೆ ಹೋದರು ಎಂದು ಬರೆಯುವ ಚಲನವಲನ ವಹಿಯಲ್ಲಿ ಅದು ಬರೆದಿತ್ತು, ಪ್ರಯಾಣ ಭತ್ಯೆ ಬಿಲ್ಲಿಗೆ ಬಸ್ ಟಿಕೆಟು ಅಂಟಿಸಿದ್ದೆ. ಉಳಿದ ಮೂರು ದಿನ ಮೂರನೇ ಪೀರಿಯಡ್ಡಿನಲ್ಲಿ ನನಗೆ ಹತ್ತನೇ ಕ್ಲಾಸು. ವೇಳಾಪಟ್ಟಿ, ಹಾಜರಿ ಎರಡೂ ಅದನ್ನೇ ಹೇಳುತ್ತಿದ್ದವು.

ಇನ್ನು ಆ ಸ್ಟಾಫ್‌ರೂಮು. ಆ ತಿಂಗಳು ಬಿಸಿಯೂಟದ ಕೋಣೆಯ ಮಾಡು ಸೋರುತ್ತಿತ್ತು. ಅಕ್ಕಿ ಮೂಟೆಗಳನ್ನೆಲ್ಲ ಸ್ಟಾಫ್‌ರೂಮಿಗೆ ತಂದು ಜೋಡಿಸಿದ್ದರು. ಅಡುಗೆ ಅಕ್ಕ ಅಲ್ಲೇ ಮೊರ ಹಿಡಿದು ಅಕ್ಕಿ ಕೇರುತ್ತಾ ಕೂರುತ್ತಿದ್ದರು. ಅವರು ನನ್ನ ಪರ ಸಾಕ್ಷಿಗೆ ಬಂದರು. ಬೆಳಗಿನ ಬಸ್ಸಿಗೆ ಹೊರಟು, ಮಧ್ಯಾಹ್ನದ ತನಕ ಕೋರ್ಟಿನ ಜಗುಲಿಯಲ್ಲಿ ಕೂತು, 'ನಾನು ಎದ್ದು ಹೋಗಿದ್ದರೆ ಮೂಟೆಗೆ ಹೆಗ್ಗಣ ಬೀಳ್ತಿತ್ತು ಸ್ವಾಮಿ' ಎಂದು ಜಡ್ಜಿಗೆ ಹೇಳಿದರು.

ಹಾಗಾಗಿ ಯಾರ ನೆನಪನ್ನೂ ನಂಬಿ ಕೂರಬೇಡಿ. ಹಾಜರಿ ಪುಸ್ತಕ, ಚಲನವಲನ ವಹಿ, ಬಿಸಿಯೂಟದ ಲೆಕ್ಕ, ರಜೆ ಆದೇಶ ಎಲ್ಲದರ ದೃಢೀಕೃತ ನಕಲು ತೆಗೆಸಿ. ಶಾಲೆಯವರು ಕೊಡದಿದ್ದರೆ ಹತ್ತು ರೂಪಾಯಿ ಕಟ್ಟಿ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ, ಇಲ್ಲವೇ ವಕೀಲರು ಕೋರ್ಟಿನ ಮೂಲಕ ತರಿಸುತ್ತಾರೆ. ಶಾಲೆಯಲ್ಲಿ ಸಿಸಿಟಿವಿ ಇದ್ದರೆ ಮಾತ್ರ ಕಾಯಲೇಬೇಡಿ. ಹಳೇ ರೆಕಾರ್ಡಿಂಗ್ ಮೇಲೆ ಹೊಸದು ಬೀಳುತ್ತಾ ಹೋಗುತ್ತದೆ. ಅದನ್ನು ಹಾಗೇ ಉಳಿಸಿಡಿ ಎಂದು ಶಾಲೆಗೂ ತನಿಖಾಧಿಕಾರಿಗೂ ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ಇಟ್ಟುಕೊಳ್ಳಿ.

ನನಗೆ ಮೊದಲು ಸಿಕ್ಕ ವಕೀಲರು ಬಾಯಿ ಬಿಟ್ಟ ಕೂಡಲೇ 'ಹುಡುಗಿ ಎಂಥವಳು?' ಎಂದು ಕೇಳಿದ್ದರು. ಅವರನ್ನು ಬಿಟ್ಟೆ. ಕೋರ್ಟೂ ಅಂಥ ಮಾತಿಗೆ ಅವಕಾಶ ಕೊಡುವುದಿಲ್ಲ. ಮಗುವಿಗೆ ವಕೀಲರು ನೇರವಾಗಿ ಪ್ರಶ್ನೆ ಹಾಕುವ ಹಾಗಿಲ್ಲ, ಜಡ್ಜ್ ಮೂಲಕವೇ ಕೇಳಿಸಬೇಕು. ಬಾಗಿಲು ಹಾಕಿ ವಿಚಾರಣೆ ನಡೆಯುತ್ತದೆ, ಮಗು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಪರದೆಯ ಈಚೆ ನಾನು ನಿಂತಿದ್ದೆ. ಕ್ಲಾಸಿನಲ್ಲಿ ಲೆಕ್ಕ ಬಾರದಿದ್ದಾಗ ದನಿ ಇಳಿಸಿ 'ಗೊತ್ತಿಲ್ಲ ಸಾರ್' ಅನ್ನುತ್ತಿದ್ದಳು ಆ ಹುಡುಗಿ. ಅದೇ ದನಿಯಲ್ಲಿ ಜಡ್ಜಿಗೆ ಮೂರು ಸಲ 'ಗೊತ್ತಿಲ್ಲ' ಅಂದಳು. ಪೊಲೀಸರಿಗೆ ಹೇಳಿದ್ದು, ಮ್ಯಾಜಿಸ್ಟ್ರೇಟರ ಮುಂದೆ ಹೇಳಿದ್ದು, ಇಲ್ಲಿ ಹೇಳಿದ್ದು ಮೂರೂ ಬೇರೆ ಬೇರೆ ಇದ್ದವು. ನಮ್ಮ ವಕೀಲರು ಅವನ್ನು ಅಕ್ಕಪಕ್ಕ ಇಟ್ಟು ತೋರಿಸಿದರು, ಅವಳನ್ನು ಸುಳ್ಳುಗಾತಿ ಅನ್ನಲಿಲ್ಲ.

ನೌಕರಿ ವಿಚಾರ. ಸರ್ಕಾರಿ ನೌಕರರು 48 ಗಂಟೆಗಿಂತ ಜಾಸ್ತಿ ಕಸ್ಟಡಿಯಲ್ಲಿದ್ದರೆ ಅಮಾನತು ತಾನಾಗೇ ಆಗುತ್ತದೆ. ಜೀವನಾಧಾರ ಭತ್ಯೆ ಬರುತ್ತದೆ, ಅರ್ಜಿ ಕೊಡಲು ಮರೆಯಬೇಡಿ. ಇಲಾಖಾ ವಿಚಾರಣೆಯ ದಾರಿ ಬೇರೆ. ಕೋರ್ಟಿನಲ್ಲಿ ಗೆದ್ದ ಮಾತ್ರಕ್ಕೆ ಅದು ಮುಗಿಯುವುದಿಲ್ಲ. ಕಾಯ್ದೆಯಲ್ಲಿ ಆದಷ್ಟು ಮಟ್ಟಿಗೆ ಒಂದು ವರ್ಷದೊಳಗೆ ವಿಚಾರಣೆ ಮುಗಿಸಿ ಎಂದಿದೆ. ನನ್ನದಕ್ಕೆ ನಡುವೆ ಕೊರೋನಾ ಬಂತು.

ನಿಮ್ಮ ಪ್ರಶ್ನೆಯ ಕೆಳಗೆ ಇನ್ನೊಬ್ಬರು, ವಿಚ್ಛೇದನದ ಜಗಳದಲ್ಲಿ ಅಪ್ಪನ ಮೇಲೇ ಇಂಥ ದೂರು ಬಂದಿದೆ ಎಂದು ಕೇಳಿದ್ದಾರೆ. ಅವರಿಗೂ ಇದೇ ಮಾತು. ಮಗುವನ್ನು ಕೂರಿಸಿಕೊಂಡು 'ಅಮ್ಮ ಹೇಳಿಕೊಟ್ಟಳಾ' ಎಂದು ಮೊಬೈಲಿನಲ್ಲಿ ರೆಕಾರ್ಡ್ ಮಾಡಲು ಹೋಗಬೇಡಿ. ಹೇಳಿಕೊಡುತ್ತಿರುವವರು ನೀವೇ ಎಂದಾಗುತ್ತದೆ. ಭೇಟಿಗೆ ಕೋರ್ಟಿನ ಅನುಮತಿ ತೆಗೆದುಕೊಳ್ಳಿ, ಮೂರನೆಯವರು ಇರುವಾಗಲೇ ನೋಡಿ.

ಕೊನೆಗೆ ತಿರುಗಿ ಕೇಸು ಹಾಕುವ ಮಾತು. 22ನೇ ಕಲಮಿದೆ. ದ್ವೇಷದಿಂದ ಸುಳ್ಳು ದೂರು ಕೊಟ್ಟವರಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ ದಂಡ, ಅಥವಾ ಎರಡೂ. ಆದರೆ ಸುಳ್ಳು ಹೇಳಿದ್ದು ಮಗುವಾದರೆ ಶಿಕ್ಷೆ ಇಲ್ಲ, ಅದು ಸರಿಯೂ ಹೌದು. ಬಿಡುಗಡೆಯಾದ ತಕ್ಷಣ ಇದು ತಾನಾಗಿ ಬರುವುದೂ ಇಲ್ಲ. ನನ್ನ ತೀರ್ಪಿನಲ್ಲಿ 'ಆರೋಪ ಸಾಬೀತಾಗಿಲ್ಲ' ಎಂದಿದೆ, 'ಸುಳ್ಳು' ಎಂಬ ಶಬ್ದ ಎಲ್ಲೂ ಇಲ್ಲ. ಬೇಕಂತಲೇ ಮಾಡಿದರು ಎಂದು ನಾನೇ ಬೇರೆ ತೋರಿಸಬೇಕಿತ್ತು.

ಯಾರು ಮಾಡಿಸಿದರು ಎಂಬ ಬಗ್ಗೆ ನನಗೆ ಗುಮಾನಿ ಇತ್ತು. ಹುಡುಗಿಯ ಸೋದರಮಾವ ಶಾಲೆ ಮೈದಾನದ ಅಂಚು ಒತ್ತಿ ಅಡಿಕೆ ಸಸಿ ನೆಟ್ಟಿದ್ದ. ಅದರ ಬಗ್ಗೆ ತಹಶೀಲ್ದಾರರಿಗೆ ಹೋದ ಪತ್ರಕ್ಕೆ ರುಜು ಹಾಕಿದವರಲ್ಲಿ ನಾನೂ ಒಬ್ಬ. ವಕೀಲರನ್ನು ಕೇಳಿದೆ. 'ಹಾಕಬಹುದು ಮೇಷ್ಟ್ರೇ, ಇನ್ನೊಂದು ನಾಲ್ಕು ವರ್ಷ ಇದೇ ಬೆಂಚಿನ ಮೇಲೆ ಕೂರ್ತೀರಾ?' ಅಂದರು. ಕೂರಲಿಲ್ಲ. ಆ ಗಿಡಗಳು ಈಗ ಅಡಿಕೆ ಗೊನೆ ಬಿಟ್ಟಿವೆ.