ಎನ್ವಿಡಿಯಾ ಡ್ರೈವರ್ ಹಾಕಿದರೂ ಲೋಡ್ ಆಗದಿದ್ದರೆ

ಉಬುಂಟುವಿನಲ್ಲಿ ನೂವೋ (ಎನ್ವಿಡಿಯಾ ಗ್ರಾಫಿಕ್ಸ್ ಕಾರ್ಡ್‌ಗೆ ಉಬುಂಟು ಜೊತೆಗೇ ಬರುವ ಓಪನ್ ಸೋರ್ಸ್ ಡ್ರೈವರ್) ಬಿಟ್ಟು ಎನ್ವಿಡಿಯಾದ ಡ್ರೈವರ್ ಹಾಕಿದಿರಿ, ರೀಸ್ಟಾರ್ಟ್ ಆದರೂ ಅದು ಲೋಡೇ ಆಗಿಲ್ಲ ಅಂದಿರಲ್ವಾ? ಸೆಕ್ಯೂರ್ ಬೂಟ್ (ನಂಬಿಕೆಯ ಡಿಜಿಟಲ್ ಸಹಿ ಇಲ್ಲದ ಸಾಫ್ಟ್‌ವೇರನ್ನು ಬೂಟ್ ಆಗುವಾಗ ತಡೆಯುವ ವ್ಯವಸ್ಥೆ) ಆನ್ ಇದೆ ಅಂತಲೂ ಬರೆದಿದ್ದೀರಿ. ನನ್ನ ಅನುಮಾನ ಅದರ ಮೇಲೇ.

ಡ್ರೈವರ್ ಹಾಕುವಾಗ ಒಂದು ಪಾಸ್‌ವರ್ಡ್ ಕೇಳಿರಬೇಕು. ರೀಸ್ಟಾರ್ಟ್ ಆಗುವಾಗ ನೀಲಿ ಪರದೆ ಬಂದು 10 ಸೆಕೆಂಡ್ ಮಾತ್ರ ಕಾಯುತ್ತದೆ. ಅಷ್ಟರೊಳಗೆ ಯಾವುದಾದರೂ ಕೀ ಒತ್ತಿ, 'ಎನ್‌ರೋಲ್ ಮೋಕ್' (ಡ್ರೈವರ್‌ಗೆ ಸಹಿ ಹಾಕಿದ ಡಿಜಿಟಲ್ ಕೀಯನ್ನು ನಂಬಿಕೆಯ ಪಟ್ಟಿಗೆ ಸೇರಿಸುವ ಆಯ್ಕೆ) ಆರಿಸಿ, ಅದೇ ಪಾಸ್‌ವರ್ಡ್ ಕೊಡಬೇಕು. ಸುಮ್ನೆ ಬಿಟ್ಟರೆ ಕರ್ನಲ್ (ಉಬುಂಟುವಿನ ತಿರುಳು) ಆ ಡ್ರೈವರನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಟರ್ಮಿನಲ್‌ನಲ್ಲಿ ಮೋಕ್‌ಯುಟಿಲ್ ಎಂಬ ಕಮಾಂಡ್ ಬಳಸಿ ಆ ಡಿಜಿಟಲ್ ಕೀಯನ್ನು ಮತ್ತೆ ಇಂಪೋರ್ಟ್ ಮಾಡಿದರೆ ಮುಂದಿನ ಸಲ ಆ ಪರದೆ ವಾಪಸ್ ಬರುತ್ತದೆ.

ಸೆಕ್ಯೂರ್ ಬೂಟ್ ಆಫ್ ಮಾಡಿದರೂ ಆಗುತ್ತದೆ. ಆದರೆ ಪಕ್ಕದಲ್ಲಿ ವಿಂಡೋಸ್ ಇದ್ದರೆ ಬಿಟ್‌ಲಾಕರ್ (ವಿಂಡೋಸ್‌ನ ಡಿಸ್ಕ್ ಎನ್‌ಕ್ರಿಪ್ಷನ್) ರಿಕವರಿ ಕೀ ಕೇಳಬಹುದು, ಮೊದಲೇ ಬರೆದಿಟ್ಟುಕೊಳ್ಳಿ.

ಬರೀ ಬ್ರೌಸಿಂಗ್ ಆದರೆ ನೂವೋ ಸಾಕು ಮಾರಾಯ್ರೇ. 'ಅಡಿಷನಲ್ ಡ್ರೈವರ್ಸ್'ನಲ್ಲಿ ಅದನ್ನೇ ಆರಿಸಿ ರೀಸ್ಟಾರ್ಟ್ ಮಾಡಿ.