ಡ್ರಾಫ್ಟ್‌ನಲ್ಲಿ ಆಯ್ಕೆಯಾಗದ ಗಾರ್ಡ್‌ಗೆ ಅಮೆರಿಕದ ಜಿ ಲೀಗ್‌ನಲ್ಲಿ ಭವಿಷ್ಯ ಇದೆಯೇ?

ನಿಮ್ಮ ಪ್ರಶ್ನೆ ಇಷ್ಟು: ಡಲ್ಲಾಸ್‌ನಲ್ಲಿ ಹುಟ್ಟಿ ಬೆಳೆದ ಅಕ್ಕನ ಮಗ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಪಾಯಿಂಟ್ ಗಾರ್ಡ್ (ಚೆಂಡು ನಡೆಸಿ ಆಟ ಕಟ್ಟುವವನು), ಎತ್ತರ ಆರು ಅಡಿ ಒಂದು ಇಂಚು, ಮುಂದಿನ ವರ್ಷ ಡಿಗ್ರಿ ಮುಗಿಯುತ್ತದೆ, ಅಮೆರಿಕದ ಅಗ್ರ ಲೀಗ್ ಎನ್‌ಬಿಎಯ ಡ್ರಾಫ್ಟ್‌ನಲ್ಲಿ (ತಂಡಗಳು ಪ್ರತಿ ವರ್ಷ ಹೊಸಬರನ್ನು ಆರಿಸಿಕೊಳ್ಳುವ ಸರದಿ) ಹೆಸರು ಬರುವ ನಿರೀಕ್ಷೆ ಇಲ್ಲ. ಎನ್‌ಬಿಎಯ ಕೆಳಗಿನ ಲೀಗ್ ಆದ ಜಿ ಲೀಗ್‌ಗೆ ಹೋಗು ಎನ್ನಬೇಕೋ, ಕೆಲಸಕ್ಕೆ ಸೇರು ಎನ್ನಬೇಕೋ?

ಎರಡು ವರ್ಷ ಆಡಲಿ ಎಂಬುದು ನನ್ನ ಅಭಿಪ್ರಾಯ. ಆದರೆ ಸಹಿ ಹಾಕುವ ಕಾಗದ ಯಾವುದು ಎಂಬುದು ಅವನಿಗೂ ಮನೆಯವರಿಗೂ ಮೊದಲೇ ಗೊತ್ತಿರಬೇಕು. ಒಂದೇ ಜರ್ಸಿ ತೊಟ್ಟು ಒಂದೇ ಬೆಂಚಿನಲ್ಲಿ ಕೂತ ಇಬ್ಬರು ಗಾರ್ಡ್‌ಗಳ ಸಂಬಳದಲ್ಲಿ ಹದಿಮೂರು ಪಟ್ಟು ಅಂತರ ಇರಬಹುದು.

2024-25ರ ಲೆಕ್ಕ ಹೇಳುತ್ತೇನೆ. ಸಾಮಾನ್ಯ ಜಿ ಲೀಗ್ ಒಪ್ಪಂದಕ್ಕೆ ಇಡೀ ಸೀಸನ್‌ಗೆ 43,000 ಡಾಲರ್, ತೆರಿಗೆಗೆ ಮುಂಚೆ. ಸೀಸನ್ ಎಂದರೆ ಸುಮಾರು ಐದು ತಿಂಗಳು. ವಸತಿ ಮತ್ತು ಆರೋಗ್ಯ ವಿಮೆ ಪ್ರತ್ಯೇಕವಾಗಿ ಸಿಗುತ್ತವೆ. ಇದರ ಮೇಲಿನದು ಟೂ-ವೇ ಒಪ್ಪಂದ (ಎನ್‌ಬಿಎ ತಂಡಕ್ಕೂ ಅದರ ಜಿ ಲೀಗ್ ತಂಡಕ್ಕೂ ಆಡುವುದು): 5,78,577 ಡಾಲರ್. ಪ್ರತಿ ಎನ್‌ಬಿಎ ತಂಡ ಮೂವರನ್ನು ಮಾತ್ರ ಹೀಗೆ ಇಟ್ಟುಕೊಳ್ಳಬಹುದು. ಅವರು ಎನ್‌ಬಿಎಯಲ್ಲಿ ಗರಿಷ್ಠ 50 ಪಂದ್ಯಗಳಿಗೆ ಲಭ್ಯ, ಪ್ಲೇಆಫ್‌ಗೆ ಇಲ್ಲ. ಇವೆರಡರ ನಡುವೆ ಎಕ್ಸಿಬಿಟ್ 10 ಎಂಬ ಒಪ್ಪಂದವೊಂದಿದೆ. ಎನ್‌ಬಿಎ ತಂಡವು ಹುಡುಗನನ್ನು ತನ್ನ ತರಬೇತಿ ಶಿಬಿರಕ್ಕೆ ಕರೆದು, ಸೀಸನ್‌ಗೆ ಮುಂಚೆ ಕೈಬಿಟ್ಟು, ತನ್ನದೇ ಜಿ ಲೀಗ್ ತಂಡಕ್ಕೆ ಕಳಿಸುತ್ತದೆ. ಅಲ್ಲಿ 60 ದಿನ ಉಳಿದರೆ ಬೋನಸ್. ಆ ವರ್ಷ ಅದರ ಮಿತಿ 77,500 ಡಾಲರ್. ಡ್ರಾಫ್ಟ್ ಆಗದವನಿಗೆ ನಿಜವಾಗಿ ಗುರಿ ಇಡಬೇಕಾದ್ದು ಇದೇ. ಹಣ ಹೆಚ್ಚು ಎಂಬುದಷ್ಟೇ ಅಲ್ಲ, ಎನ್‌ಬಿಎ ಕೋಚ್‌ಗಳು ಅವನನ್ನು ಹತ್ತಿರದಿಂದ ನೋಡಿರುತ್ತಾರೆ.

ಅದೂ ಸಿಗದಿದ್ದರೆ ಲೀಗ್‌ನ ಜೊತೆ ನೇರ ಒಪ್ಪಂದ ಮಾಡಿಕೊಂಡು ಅಕ್ಟೋಬರ್ ಸುಮಾರಿಗೆ ನಡೆಯುವ ಜಿ ಲೀಗ್ ಡ್ರಾಫ್ಟ್‌ಗೆ ನಿಲ್ಲಬೇಕು (ಇಲ್ಲಿ ಆಟಗಾರನ ಒಪ್ಪಂದ ತಂಡದ ಜೊತೆ ಅಲ್ಲ, ಲೀಗ್‌ನ ಜೊತೆ). ಕೊನೆಯ ಬಾಗಿಲು, ಶುಲ್ಕ ಕಟ್ಟಿ ಹೋಗುವ ಸ್ಥಳೀಯ ಟ್ರೈಔಟ್, ಅಂದರೆ ಆಯ್ಕೆ ಪರೀಕ್ಷೆ. ಅದನ್ನು ಹಗುರವಾಗಿ ನೋಡಬೇಡಿ: ಜೊನಾಥನ್ ಸಿಮನ್ಸ್ 2013ರಲ್ಲಿ 150 ಡಾಲರ್ ಕಟ್ಟಿ ಆಸ್ಟಿನ್ ಟೋರೋಸ್ ಟ್ರೈಔಟ್‌ಗೆ ಹೋದವರು, 2015ರಲ್ಲಿ ಎನ್‌ಬಿಎಯ ಸ್ಯಾನ್ ಆಂಟೋನಿಯೊ ಸ್ಪರ್ಸ್ ಸೇರಿದರು. ನಿಮ್ಮ ಹುಡುಗನಿಗೆ ಪಕ್ಕದ ಫ್ರಿಸ್ಕೋದಲ್ಲೇ ಟೆಕ್ಸಸ್ ಲೆಜೆಂಡ್ಸ್ ಎಂಬ ಜಿ ಲೀಗ್ ತಂಡ ಇದೆ. ಒಂದು ಎಚ್ಚರಿಕೆ: ಕಾಲೇಜಿನಲ್ಲಿ ಆಡುವ ಅರ್ಹತೆ ಬಾಕಿ ಇರುವಾಗ ಯಾವ ವೃತ್ತಿಪರ ಒಪ್ಪಂದಕ್ಕೂ ಸಹಿ ಹಾಕಕೂಡದು, ಕಾಲೇಜಿನ ಕಂಪ್ಲಯನ್ಸ್ (ನಿಯಮ ಪಾಲನೆ ನೋಡುವ) ಕಚೇರಿಯಿಂದ ಬರಹದಲ್ಲಿ ಉತ್ತರ ಪಡೆದ ಮೇಲೆ ಮುಂದಿನ ಮಾತು.

ಎನ್‌ಬಿಎ ಆಟಗಾರರಲ್ಲಿ ಸುಮಾರು ಅರ್ಧದಷ್ಟು ಜನ ಜಿ ಲೀಗ್‌ನಲ್ಲಿ ಆಡಿದವರು ಎಂಬ ಮಾತನ್ನು ನೀವು ಕೇಳಿರುತ್ತೀರಿ. ಸುಳ್ಳಲ್ಲ. ಆದರೆ ಮೊದಲ ಸುತ್ತಿನಲ್ಲೇ ಆಯ್ಕೆಯಾಗಿ, ಅಭ್ಯಾಸಕ್ಕೆಂದು ನಾಲ್ಕು ಪಂದ್ಯಕ್ಕೆ ಕೆಳಗೆ ಬಂದುಹೋದವರೂ ಆ ಲೆಕ್ಕದಲ್ಲಿದ್ದಾರೆ. 43,000 ಡಾಲರ್‌ನ ಗಾರ್ಡ್‌ಗೆ ಎದುರಾಗುವ ಮೊದಲ ಕಷ್ಟ ಇವರೇ. ಎನ್‌ಬಿಎಯಿಂದ ಬಂದವರು, ಟೂ-ವೇ ಆಟಗಾರರು ಇದ್ದ ದಿನ ನಿಮಿಷಗಳು ಮೊದಲು ಅವರ ಪಾಲಿಗೆ. ಮಂಗಳವಾರ 34 ನಿಮಿಷ ಆಡಿದವನು ಗುರುವಾರ 9 ನಿಮಿಷ ಆಡುತ್ತಾನೆ, ತಪ್ಪು ಅವನದಲ್ಲ. ಇದನ್ನು ಅರಿಯದ ಹುಡುಗರು ಆ 9 ನಿಮಿಷದಲ್ಲೇ ಇಪ್ಪತ್ತು ಪಾಯಿಂಟ್ ಹೊಡೆಯಲು ಹೋಗಿ ಕೆಡುತ್ತಾರೆ.

ಏಕೆ ಕೆಡುತ್ತಾರೆ ಎಂಬುದೇ ಈ ಉತ್ತರದ ತಿರುಳು. ಎನ್‌ಬಿಎ ತಂಡಕ್ಕೆ ಚೆಂಡು ಹಿಡಿದು ಆಡಿಸುವ ತಾರೆಗಳು ಈಗಾಗಲೇ ಇದ್ದಾರೆ. ಅವರು ಕೆಳಗಿನಿಂದ ಹುಡುಕುವುದು, ಯಾರಿಗೋ ಗಾಯವಾದಾಗ ಹನ್ನೆರಡು ನಿಮಿಷ ಆಟ ಕೆಡದಂತೆ ನೋಡಿಕೊಳ್ಳುವ ಗಾರ್ಡನ್ನು. ಅಲೆಕ್ಸ್ ಕರೂಸೊ, ಫ್ರೆಡ್ ವ್ಯಾನ್‌ವ್ಲೀಟ್ ಇಬ್ಬರೂ 2016ರಲ್ಲಿ ಡ್ರಾಫ್ಟ್ ಆಗದೆ ಉಳಿದವರು, ಇಬ್ಬರೂ ಕೆಳಗಿನ ಲೀಗ್‌ನಲ್ಲಿ ಆಡಿ, ನಂತರ ಎನ್‌ಬಿಎ ಚಾಂಪಿಯನ್ ತಂಡಗಳಲ್ಲಿ ಮುಖ್ಯರಾದರು. ಗ್ಯಾರಿ ಪೇಟನ್ II 2021ರಲ್ಲಿ ಜಿ ಲೀಗ್‌ನ ಅತ್ಯುತ್ತಮ ರಕ್ಷಣಾ ಆಟಗಾರ. ಅದೇ ಏಪ್ರಿಲ್‌ನಲ್ಲಿ ಎನ್‌ಬಿಎಯ ವಾರಿಯರ್ಸ್ ತಂಡ ಹತ್ತು ದಿನಕ್ಕೆ ಕರೆಯಿತು, 2022ರಲ್ಲಿ ಚಾಂಪಿಯನ್.

ಆರು ಅಡಿ ಒಂದು ಇಂಚಿನವನನ್ನು ಎದುರಾಳಿಗಳು ಹುಡುಕಿ ಹುಡುಕಿ ಎತ್ತರದವರ ಮುಂದೆ ನಿಲ್ಲಿಸುತ್ತಾರೆ. ಹಾಗಾಗಿ ಸ್ಕ್ರೀನ್ ಬಂದಾಗ (ಎದುರಾಳಿಯೊಬ್ಬ ಅಡ್ಡ ನಿಂತು ದಾರಿ ತಡೆದಾಗ) ಸ್ವಿಚ್‌ಗೆ, ಅಂದರೆ ಕಾಯುವ ಆಟಗಾರನನ್ನು ಅದಲುಬದಲು ಮಾಡಿಕೊಳ್ಳಲು, ಒಪ್ಪದೆ ಮೇಲಿನಿಂದ ನುಸುಳಿ ತನ್ನ ಆಟಗಾರನನ್ನೇ ಹಿಂಬಾಲಿಸುವುದು ಮೊದಲ ಪಾಠ. ಎರಡನೆಯದು, ಚೆಂಡಿಲ್ಲದೆ ಮೂಲೆಯಲ್ಲಿ ನಿಂತು, ಪಾಸ್ ಬಂದ ಕೂಡಲೇ ದೂರದಿಂದ ಮೂರು ಪಾಯಿಂಟ್‌ನ ಶಾಟ್. ಕಾಲೇಜಿನ ಮೂರು ಪಾಯಿಂಟ್ ಗೆರೆ ಬುಟ್ಟಿಯಿಂದ 22 ಅಡಿ 1¾ ಇಂಚು. ಎನ್‌ಬಿಎ ಮತ್ತು ಜಿ ಲೀಗ್‌ನದು ಮೂಲೆಯಲ್ಲಿ 22 ಅಡಿ, ಉಳಿದೆಡೆ 23 ಅಡಿ 9 ಇಂಚು. ಎದುರಿನಿಂದ ಒಂದೂವರೆ ಅಡಿಗೂ ಹೆಚ್ಚು ಹಿಂದೆ ಸರಿಯಬೇಕು. ಕಾಲೇಜಿನಲ್ಲಿ ನೂರಕ್ಕೆ ಮೂವತ್ತೆಂಟು ಹಾಕುವವರು ಇಲ್ಲಿ ಮೂವತ್ತಕ್ಕೆ ಇಳಿಯುವುದು ಇದಕ್ಕೇ. ಕಾಲಿಗೆ ಬಲ ಸಾಲದೆ ಕೈಯಿಂದ ತಳ್ಳುತ್ತಾರೆ, ಚೆಂಡು ರಿಮ್‌ನ ಮುಂಭಾಗಕ್ಕೆ ತಾಗುತ್ತದೆ. ಈಗಿನಿಂದಲೇ ಆ ಗೆರೆಯ ಹಿಂದೆ ಟೇಪ್ ಅಂಟಿಸಿ, ದಣಿದ ಮೇಲೆ ಅಭ್ಯಾಸ ಮಾಡಲಿ.

ಶಾಟ್ ಕ್ಲಾಕ್ (ಚೆಂಡು ಸಿಕ್ಕ ಮೇಲೆ ಶಾಟ್ ಹಾಕಲು ಇರುವ ಸಮಯ) 30ರಿಂದ 24 ಸೆಕೆಂಡಿಗೆ ಇಳಿಯುತ್ತದೆ, ಪಂದ್ಯ 40ರಿಂದ 48 ನಿಮಿಷಕ್ಕೆ ಏರುತ್ತದೆ. ಜಿ ಲೀಗ್‌ನದೇ ಇನ್ನೊಂದು ನಿಯಮ 2019-20ರಿಂದ ಇದೆ: ಎರಡು ಫ್ರೀ ಥ್ರೋ (ಫೌಲ್‌ಗೆ ಸಿಗುವ ಅಡ್ಡಿಯಿಲ್ಲದ ಎಸೆತ) ಸಿಗಬೇಕಾದಲ್ಲಿ ಒಂದೇ ಎಸೆತ, ಅದಕ್ಕೇ ಎರಡು ಪಾಯಿಂಟ್. ಕೊನೆಯ ಕ್ವಾರ್ಟರ್‌ನ ಅಂತಿಮ ಎರಡು ನಿಮಿಷ ಹಾಗೂ ಓವರ್‌ಟೈಮ್‌ನಲ್ಲಿ ಮಾತ್ರ ಮಾಮೂಲಿ ಲೆಕ್ಕ. ಮೊದಲನೆಯದರಲ್ಲಿ ಕೈ ಪಳಗಿಸಿಕೊಳ್ಳುವ ಅಭ್ಯಾಸ ಇರುವವನಿಗೆ ಇದು ದುಬಾರಿ.

ಜನವರಿ 5ರಿಂದ ಎನ್‌ಬಿಎ ತಂಡಗಳ ಹತ್ತು ದಿನದ ಒಪ್ಪಂದಗಳು ಶುರು. ಹೊಸಬನಿಗೆ 2024-25ರಲ್ಲಿ ಅದರ ಬೆಲೆ ಸುಮಾರು 66,500 ಡಾಲರ್. ಹತ್ತು ದಿನ, ಆದರೆ ಇಡೀ ಜಿ ಲೀಗ್ ಸೀಸನ್‌ಗಿಂತ ಹೆಚ್ಚು. ಒಂದೇ ತಂಡ ಎರಡು ಬಾರಿ ಮಾತ್ರ ಹೀಗೆ ಕೊಡಬಹುದು, ಆಮೇಲೆ ಸೀಸನ್ ಮುಗಿಯುವವರೆಗಿನ ಒಪ್ಪಂದವೋ ಮನೆಯೋ. ಹಲವರಿಗೆ ತಿಳಿಯದ ಸಂಗತಿ: ಸಾಮಾನ್ಯ ಒಪ್ಪಂದದವನನ್ನು ಮೂವತ್ತೂ ಎನ್‌ಬಿಎ ತಂಡಗಳಲ್ಲಿ ಯಾವುದಾದರೂ ಕರೆಯಬಹುದು, ಟೂ-ವೇ ಆಟಗಾರ ಮಾತ್ರ ತನ್ನ ತಂಡಕ್ಕೆ ಕಟ್ಟುಬಿದ್ದವನು.

ಎರಡು ವರ್ಷ ಎಂದು ಗಡಿ ಹಾಕಿದ್ದಕ್ಕೆ ಕಾರಣವಿದೆ. ಆಂಡ್ರೆ ಇಂಗ್ರಾಮ್ ಹತ್ತು ವರ್ಷ ಕಾದು, 2018ರ ಏಪ್ರಿಲ್ 10ರಂದು, 32ನೇ ವಯಸ್ಸಿನಲ್ಲಿ ಎನ್‌ಬಿಎಯ ಲೇಕರ್ಸ್ ಪರ ಮೊದಲ ಪಂದ್ಯ ಆಡಿ 19 ಪಾಯಿಂಟ್ ಹಾಕಿದರು. ಅವರ ಮೇಲೆ ನನಗೆ ಅಪಾರ ಗೌರವ. ಆದರೆ ಅದನ್ನು ಯೋಜನೆಯಾಗಿ ಇಟ್ಟುಕೊಳ್ಳುವ ಹಾಗಿಲ್ಲ. ಎರಡನೇ ಸೀಸನ್ ಮುಗಿದರೂ ಎಕ್ಸಿಬಿಟ್ 10 ಕೂಡ ಬಾರದಿದ್ದರೆ ಹೊರದೇಶದ ಕಡೆ ನೋಡಲಿ. ಬಿಡುವಿನ ತಿಂಗಳುಗಳನ್ನು ಅದಕ್ಕೆ ಮುಂಚೆಯೂ ಬಳಸಬಹುದು. ಕೆನಡಾದ ಸಿಇಬಿಎಲ್ ಲೀಗ್ ಬೇಸಿಗೆಯಲ್ಲಿ ನಡೆಯುತ್ತದೆ.

ಹೊರದೇಶದಲ್ಲಿ ಲೆಕ್ಕ ತಿರುಗುಮುರುಗು. ವಿದೇಶಿ ಆಟಗಾರರಿಗೆ ಮಿತಿ ಹಾಕಿರುವ ಲೀಗ್‌ಗಳಲ್ಲಿ ಒಂದು ಸ್ಥಾನ ಕೊಟ್ಟು ಕರೆಸಿಕೊಂಡ ಅಮೆರಿಕನ್ ಗಾರ್ಡ್ ಅಂಕ ಹಾಕಲೇಬೇಕು, ಇಲ್ಲವಾದರೆ ಒಂದೆರಡು ತಿಂಗಳಲ್ಲೇ ವಾಪಸ್. ಗೆರೆ 6.75 ಮೀಟರ್, ಅಂದರೆ ಕಾಲೇಜಿನದೇ ದೂರ. ಐದು ಫೌಲ್‌ಗೆ ಹೊರಗೆ. ರಕ್ಷಕರು ಬುಟ್ಟಿಯ ಬಳಿ ಮೂರು ಸೆಕೆಂಡಿಗಿಂತ ಹೆಚ್ಚು ಸುಮ್ಮನೆ ನಿಲ್ಲಬಾರದೆಂಬ ನಿಯಮ ಇಲ್ಲದ್ದರಿಂದ ಅಲ್ಲಿ ಎತ್ತರದವನೊಬ್ಬ ನಿಂತೇ ಇರುತ್ತಾನೆ, ಫ್ಲೋಟರ್ (ಅವನ ಕೈ ಮೇಲಿಂದ ಮೆಲ್ಲಗೆ ಎತ್ತಿ ಹಾಕುವ ಶಾಟ್) ಕಲಿಯದೆ ದಾರಿಯಿಲ್ಲ. ಒಸಿಐ ಕಾರ್ಡ್ ಇದ್ದರೆ ಭಾರತ ತಂಡಕ್ಕೆ ಆಡಬಹುದೇ ಎಂದೂ ಕೇಳಿದ್ದೀರಿ. ಆಗದು, ಭಾರತದ ಪಾಸ್‌ಪೋರ್ಟ್ ಬೇಕು.

ಹೊರದೇಶದ ಒಪ್ಪಂದದಲ್ಲಿ ಫೀಬಾ (ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟ) ಪರವಾನಗಿ ಇರುವ ಏಜೆಂಟ್ ಇರಲಿ, ಮತ್ತು ವಿವಾದವನ್ನು ಬಿಎಟಿ ಎಂಬ ಬ್ಯಾಸ್ಕೆಟ್‌ಬಾಲ್ ಪಂಚಾಯ್ತಿ ಮಂಡಳಿಗೆ ಒಯ್ಯುವ ಷರತ್ತು ಬರಹದಲ್ಲೇ ಇರಲಿ. ಸಂಬಳ ಬಾಕಿ ಉಳಿದರೆ ಆ ಒಂದು ಸಾಲು ಇಲ್ಲದವನು ಭಾಷೆ ಬಾರದ ಊರಿನ ಕೋರ್ಟ್ ಮೆಟ್ಟಿಲು ಹತ್ತಬೇಕಾಗುತ್ತದೆ.